ಚುಕ್ಕೆಯ ಬಲಗಡೆ ನೋಡದೆ ಡೊಮೇನ್ ಕೊಂಡ ಕಥೆ

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೊಳ್ಳಲು ಹೊರಟವರು ಕಾರ್ಡ್ ನಂಬರ್ ಹಾಕುವ ಮೊದಲು ಇದನ್ನೊಮ್ಮೆ ಓದಿಬಿಡಿ. ನಾನು ಓದದೆ ಹಾಕಿದವನು.

ಪುಸ್ತಕಗಳ ಒಳಪುಟ, ಮುಖಪುಟ ವಿನ್ಯಾಸ ಮಾಡುವುದು ನನ್ನ ಕಸುಬು. ಮಾಡಿದ ಕೆಲಸ ತೋರಿಸಲು ಒಂದು ವೆಬ್‌ಸೈಟ್ ಬೇಕಿತ್ತು. ಮನಸ್ಸಿನಲ್ಲಿದ್ದ ಹೆಸರನ್ನು ಡಾಟ್ ಕಾಮ್‌ನಲ್ಲಿ ಹುಡುಕಿದರೆ ಯಾರೋ ಆಗಲೇ ಹಿಡಿದಿಟ್ಟುಕೊಂಡಿದ್ದರು. ಸೈಟೂ ಇಲ್ಲ ಗೀಟೂ ಇಲ್ಲ, 'ಮಾರಾಟಕ್ಕಿದೆ' ಎಂಬ ಒಂದು ಪುಟ, ಅಷ್ಟೇ. ಆದರೆ ಡೊಮೇನ್ ಮಾರುವ ಸೈಟಿನವರು ಗಿರಾಕಿಯನ್ನು ಬರಿಗೈಲಿ ಕಳಿಸುತ್ತಾರೆಯೇ? ಅದೇ ಹೆಸರಿಗೆ ಡಾಟ್ ಕಾಮ್ ಬದಲು ಇಪ್ಪತ್ತು ಮೂವತ್ತು ಬಗೆಯ ಬೇರೆ ಬಾಲ ಅಂಟಿಸಿ ಸಾಲಾಗಿ ತೋರಿಸಿದರು. ಅದರಲ್ಲೊಂದು ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಪಕ್ಕದಲ್ಲಿ 'ಪ್ರೀಮಿಯಂ' ಎಂಬ ಚಿನ್ನದ ಬಣ್ಣದ ಪಟ್ಟಿ. ಮೊದಲ ವರ್ಷಕ್ಕೆ ಭಾರಿ ರಿಯಾಯಿತಿ. ಪ್ರೀಮಿಯಂ ಅಂದರೆ ಒಳ್ಳೆಯ ಹೆಸರು ಅಂತ ಹೊಗಳಿದ್ದಾರೆ ಎಂದುಕೊಂಡೆ.

ಹಣ ಕಟ್ಟುವ ಪುಟದಲ್ಲಿ ಒಂದು ಚಿಕ್ಕ ಚೌಕ ಇತ್ತು, ಟಿಕ್ ಮಾಡದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಅದರ ಪಕ್ಕದ ಬೂದು ಅಕ್ಷರಗಳಲ್ಲಿ, ಈ ಹೆಸರಿನ ನವೀಕರಣ ದರ ಸಾಮಾನ್ಯ ದರಕ್ಕಿಂತ ಹೆಚ್ಚಿರುತ್ತದೆ, ಇದಕ್ಕೆ ನನ್ನ ಒಪ್ಪಿಗೆ ಇದೆ ಎಂಬರ್ಥದ ಮಾತು. ಅಚ್ಚಿನಲ್ಲಿ ಅರ್ಧ ಪಾಯಿಂಟ್ ವ್ಯತ್ಯಾಸವಾದರೂ ಕಣ್ಣಿಗೆ ಚುಚ್ಚುವ ನನಗೆ ಅವತ್ತು ಆ ಅಕ್ಷರ ಕಾಣಲಿಲ್ಲ. ಟಿಕ್ ಮಾಡಿದೆ.

ಹನ್ನೊಂದನೇ ತಿಂಗಳಿಗೆ ರಿನ್ಯೂವಲ್ ಮೇಲ್ ಬಂತು. ಮೊದಲ ವರ್ಷ ಕೊಟ್ಟಿದ್ದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಎಲ್ಲೋ ಸೊನ್ನೆ ತಪ್ಪಿರಬೇಕು ಎಂದು ಸಹಾಯವಾಣಿಗೆ ಬರೆದೆ. 'ಇದು ರಿಜಿಸ್ಟ್ರಿಯ ದರ, ನಮ್ಮ ಕೈಯಲ್ಲಿಲ್ಲ' ಎಂದು ಉತ್ತರ ಬಂತು. ಸುಮ್ಮನೆ ಜಾರಿಕೊಳ್ಳುತ್ತಿದ್ದಾರೆ ಎಂದು ರೇಗಿ, ಡೊಮೇನನ್ನು ಬೇರೆ ಕಂಪನಿಗೆ ವರ್ಗಾಯಿಸಲು ನೋಡಿದೆ. ಅಲ್ಲೂ ಹೆಚ್ಚುಕಡಿಮೆ ಅದೇ ಮೊತ್ತ. ಇನ್ನೊಂದು ಕಡೆ ನೋಡಿದೆ, ಅಷ್ಟೇ. ಆಗ ಕೂತು ಓದಿದೆ. ಒಂದು ವರ್ಷ ತಡವಾಗಿ.

ನಮಗೆ ಡೊಮೇನ್ ಮಾರುವವರು ರಿಜಿಸ್ಟ್ರಾರ್‌ಗಳು, ಅಂದರೆ ಅಂಗಡಿಯವರು. ಚುಕ್ಕೆಯ ಬಲಗಡೆಯ ಬಾಲವಿದೆಯಲ್ಲ, ಅದು ರಿಜಿಸ್ಟ್ರಿ ಎಂಬ ಇನ್ನೊಂದು ಸಂಸ್ಥೆಯ ವಶದಲ್ಲಿರುತ್ತದೆ. ಅಂಗಡಿ ಬದಲಾಯಿಸಬಹುದು, ರಿಜಿಸ್ಟ್ರಿ ಬದಲಾಗುವುದಿಲ್ಲ. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ 1985ರಿಂದ ಇವೆ, ಯಾರು ಬೇಕಾದರೂ ಕೊಳ್ಳಬಹುದು. ಅದೇ ಕಾಲದ ಡಾಟ್ ಗವ್ ಅಮೆರಿಕದ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಹೊಸ ಬಾಲಗಳ ಸುಗ್ಗಿ ಶುರುವಾಗಿದ್ದು 2012ರಲ್ಲಿ, ಇಂಟರ್ನೆಟ್ಟಿನ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಅರ್ಜಿ ಕರೆದಾಗ. ಒಂದೊಂದು ಅರ್ಜಿಗೂ 1,85,000 ಡಾಲರ್ ಶುಲ್ಕ, ಆದರೂ ಬಂದ ಅರ್ಜಿಗಳು 1930. ಅಷ್ಟು ಸುರಿದು ಬಾಲ ಹಿಡಿದವರು ದುಡ್ಡು ವಾಪಸ್ ತೆಗೆಯಬೇಡವೇ? ಚೆಂದದ ಹೆಸರುಗಳನ್ನು ಆರಿಸಿಟ್ಟು, ಪ್ರೀಮಿಯಂ ಎಂದು ಕರೆದು, ತಮಗೆ ಬೇಕಾದ ದರ ಕಟ್ಟಿದರು.

ನನ್ನ ಹೊಟ್ಟೆ ಉರಿಸಿದ್ದು ಆ ಟಿಕ್. ಹೊಸ ಬಾಲಗಳ ರಿಜಿಸ್ಟ್ರಿಗಳ ಜೊತೆ ಐಕ್ಯಾನ್ ಮಾಡಿಕೊಂಡಿರುವ ಒಪ್ಪಂದದ ಪ್ರಕಾರ ನವೀಕರಣದ ದರ ಎಲ್ಲರಿಗೂ ಒಂದೇ ಇರಬೇಕು. ಕೊಳ್ಳುವಾಗಲೇ ಹೆಚ್ಚಿನ ದರಕ್ಕೆ ಸ್ಪಷ್ಟವಾಗಿ ಒಪ್ಪಿಕೊಂಡವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಆ ಚೌಕ ಇದ್ದದ್ದೇ ಅದಕ್ಕೆ. ನನ್ನ ರಕ್ಷಣೆಯನ್ನು ನಾನೇ ಒಂದು ಕ್ಲಿಕ್ಕಿನಲ್ಲಿ ಬಿಟ್ಟುಕೊಟ್ಟಿದ್ದೆ.

ಪ್ರೀಮಿಯಂ ಎಂಬ ಪದಕ್ಕೆ ಎರಡು ಅರ್ಥ ಇರುವುದೂ ಆಮೇಲೆ ತಿಳಿಯಿತು. ಯಾರೋ ಮೊದಲೇ ಕೊಂಡಿಟ್ಟ ಡಾಟ್ ಕಾಮ್ ಹೆಸರನ್ನು ದುಬಾರಿಗೆ ಮಾರಿದರೆ ಅದನ್ನೂ ಪ್ರೀಮಿಯಂ ಅನ್ನುತ್ತಾರೆ. ಅಲ್ಲಿ ಪೆಟ್ಟು ಒಂದೇ ಸಲ, ಮುಂದಿನ ವರ್ಷದಿಂದ ಎಲ್ಲರಂತೆ ಸಾಮಾನ್ಯ ದರ. ರಿಜಿಸ್ಟ್ರಿಯೇ ಇಟ್ಟ ಪ್ರೀಮಿಯಂ ಹಾಗಲ್ಲ, ಬಹಳಷ್ಟು ಸಲ ಪ್ರತಿ ವರ್ಷವೂ ಪ್ರೀಮಿಯಂ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ನನ್ನ ಹೆಸರಿಗೆ ಆ ಗತಿ ಬಂತು. ಡಾಟ್ ಕಾಮ್‌ನ ರಿಜಿಸ್ಟ್ರಿ ದರ ಎಷ್ಟು ಏರಿಸಬಹುದು ಎನ್ನುವುದಕ್ಕೆ ಒಪ್ಪಂದದಲ್ಲೇ ಮಿತಿ ಇದೆ. ಡಾಟ್ ಆರ್ಗ್‌ಗೂ ಇತ್ತು, 2019ರಲ್ಲಿ ತೆಗೆದರು.

ಸರಿ, ಬೇರೆ ಬಾಲಕ್ಕೆ ಹೋಗೋಣ ಎಂದು ಎರಡಕ್ಷರದವುಗಳ ಮೇಲೆ ಕಣ್ಣು ಹಾಕಿದೆ. ಚಿಕ್ಕದು, ನೋಡಲು ಚುರುಕು. ಸ್ವಲ್ಪದರಲ್ಲಿ ಅಲ್ಲೂ ಬೀಳುತ್ತಿದ್ದೆ. ಎರಡಕ್ಷರದ ಬಾಲವೆಲ್ಲ ದೇಶ ಅಥವಾ ಪ್ರದೇಶಗಳ ಸಂಕೇತ. ಡಾಟ್ ಟಿವಿ ಅಂದರೆ ಟೆಲಿವಿಷನ್ ಅಲ್ಲ, ಟುವಾಲು ದೇಶ. ಡಾಟ್ ಎಐ ಅಂಗ್ವಿಲಾ ದ್ವೀಪದ್ದು, ಡಾಟ್ ಕೋ ಕೊಲಂಬಿಯಾದ್ದು. ಅಲ್ಲಿ ನಿಯಮ ಮಾಡುವುದು ಆಯಾ ದೇಶದ ಕಡೆಯವರು. ಇಂಗ್ಲಿಷ್ ಪದಗಳಿಗೆ ಚೆನ್ನಾಗಿ ಕೂರುತ್ತದೆ ಎಂದು ಡಾಟ್ ಎಲ್‌ವೈ ಕೊಂಡವರಿದ್ದಾರೆ, ಅದು ಲಿಬಿಯಾದ್ದು. ಕೊಂಡಿಗಳನ್ನು ಚಿಕ್ಕದು ಮಾಡುವ ಒಂದು ಸೇವೆ ಅಲ್ಲಿನ ಕಾನೂನಿಗೆ ವಿರುದ್ಧವಾಗಿದೆ ಎಂದು ಅದರ ಡೊಮೇನನ್ನು 2010ರಲ್ಲಿ ಕಿತ್ತುಕೊಂಡರು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, 2021ರ ಜನವರಿಯಲ್ಲಿ, ಅರ್ಹತೆ ಕಳೆದುಕೊಂಡ ಅಲ್ಲಿನವರ ಡಾಟ್ ಇಯು ಹೆಸರುಗಳೆಲ್ಲ ಸ್ಥಗಿತಗೊಂಡವು. ಡಾಟ್ ಐಒ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಸಂಕೇತ. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರಲ್ಲಿ ಹೇಳಿದಾಗ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳು ತಲೆ ಮೇಲೆ ಕೈ ಹೊತ್ತು ಭೂಪಟ ನೋಡಿದವು. ನೀವಿರುವ ದೇಶದ ಬಾಲವಾದರೆ ಭಯವಿಲ್ಲ, ನಿಯಮ ಗೊತ್ತಿರುತ್ತದೆ. ಕೇಳಲು ಚೆಂದ ಅನ್ನುವ ಒಂದೇ ಕಾರಣಕ್ಕೆ ಕಂಡರಿಯದ ದೇಶದ ಬಾಲ ಹಿಡಿಯುವವರು ಎರಡು ಸಲ ಯೋಚಿಸಿ.

ಇನ್ನೊಂದು ಜಾತಿ ಇದೆ, ಎರಡು ಚುಕ್ಕೆಯದು. ಹೆಸರು, ಚುಕ್ಕೆ, ಎರಡಕ್ಷರ, ಚುಕ್ಕೆ, ಕಾಮ್. ಯಾವುದೋ ದೇಶದ ಅಧಿಕೃತ ವಿಳಾಸದಂತೆ ಕಾಣುತ್ತದೆ. ಎರಡು ಚುಕ್ಕೆಯ ವಿಳಾಸಗಳಲ್ಲಿ ಕೆಲವು ನಿಜಕ್ಕೂ ಅಧಿಕೃತ, ದೇಶದ ಸಂಕೇತವೇ ಕೊನೆಗಿರುವ ಡಾಟ್ ಕೋ ಡಾಟ್ ಯುಕೆ ಥರದವು. ಆದರೆ ಬಲತುದಿಯಲ್ಲಿ ಕಾಮ್ ಇದ್ದರೆ ಅದು ಖಾಸಗಿಯವರು ಕೊಂಡ ಡೊಮೇನು. ನಿಮಗೆ ಸಿಗುವುದು ಅದರೊಳಗಿನ ಬಾಡಿಗೆ ಕೋಣೆ.

ಕೊನೆಗೆ ನನ್ನ ಹೆಸರಿಗೆ ಇನ್ನೊಂದು ಪದ ಸೇರಿಸಿ, ಉದ್ದವಾದರೂ ಸರಿ ಎಂದು ಡಾಟ್ ಕಾಮ್ ತೆಗೆದುಕೊಂಡೆ. ಕೊಳ್ಳುವ ಮುಂಚೆ ಮೊದಲ ವರ್ಷದ ದರವನ್ನು ನೋಡಲೇ ಇಲ್ಲ, ಎರಡನೇ ವರ್ಷದ್ದನ್ನು ಮಾತ್ರ ನೋಡಿ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದೆ. ಗರಿಷ್ಠ ಹತ್ತು ವರ್ಷದವರೆಗೂ ಕಟ್ಟಬಹುದು.

ಹಳೆಯದನ್ನು ಬಿಟ್ಟುಬಿಡಬಹುದಲ್ಲ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬ್ಯಾಂಕು, ಕ್ಲೌಡ್‌ನಲ್ಲಿಟ್ಟ ಕಡತಗಳು, ಫಾಂಟ್ ಪರವಾನಗಿ ಎಲ್ಲ ಕಡೆಯೂ ಆ ಡೊಮೇನಿನ ಇಮೇಲ್ ಕೊಟ್ಟಿದ್ದೆ. ಅವಧಿ ಮುಗಿದ ಡೊಮೇನ್ ಗಡುವಿನ ದಿನಗಳೆಲ್ಲ ಕಳೆದ ಮೇಲೆ ಮತ್ತೆ ಸಂತೆಗೆ ಬರುತ್ತದೆ. ಅದನ್ನು ಕೊಂಡವರು ಅದೇ ಇಮೇಲ್ ವಿಳಾಸ ಹುಟ್ಟಿಸಿಕೊಂಡು 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತಿದರೆ ಕೊಂಡಿ ಹೋಗುವುದು ಅವರ ಪೆಟ್ಟಿಗೆಗೆ. ಹಾಗಾಗಿ ಹಲ್ಲು ಕಚ್ಚಿಕೊಂಡು ಇನ್ನೊಂದು ವರ್ಷಕ್ಕೆ ಕಟ್ಟಿದೆ. ಒಂದೊಂದೇ ಖಾತೆಯ ಇಮೇಲ್ ಬದಲಿಸಿದೆ, ಹಳೆಯ ಸೈಟಿಗೆ ಬಂದವರನ್ನು ಹೊಸದಕ್ಕೆ ತಿರುಗಿಸಿದೆ. ಎಲ್ಲ ಮುಗಿಯಲು ಏಳು ತಿಂಗಳು ಹಿಡಿಯಿತು.

ಈಗ ಮತ್ತೆ ರಿನ್ಯೂವಲ್ ಮೇಲ್ ಬಂದಿದೆ. ಈ ಸಲ ಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಮೊನ್ನೆ ಕಪಾಟು ಒರೆಸುವಾಗ ನಾನೇ ವಿನ್ಯಾಸ ಮಾಡಿದ ನಾಲ್ಕು ಪುಸ್ತಕಗಳು ಕೈಗೆ ಬಂದವು. ನಾಲ್ಕರ ಕೊನೆಯ ಪುಟದಲ್ಲೂ, ನಾನೇ ಆರಿಸಿದ ಅಕ್ಷರದಲ್ಲಿ, ಹಳೆಯ ವಿಳಾಸ ಅಚ್ಚಾಗಿದೆ. ಒಂದರ ಪ್ರತಿಗಳು ಇನ್ನೂ ಅರ್ಧಕ್ಕರ್ಧ ಗೋದಾಮಿನಲ್ಲಿವೆಯಂತೆ.