ಟಿಗೋರೋ, ಡಿಸೈರೋ: ನೋಡಲು ಯಾವುದು ಚೆಂದ?

2016ರ ಆಟೋ ಎಕ್ಸ್‌ಪೋದಲ್ಲಿ ಟಾಟಾ ತೋರಿಸಿದ ಕೈಟ್ 5 ಕಾನ್ಸೆಪ್ಟ್ (ಪ್ರದರ್ಶನಕ್ಕಿಟ್ಟ ಮಾದರಿ) ಕಾರಿನ ಸೊಗಸೆಲ್ಲ ಹಿಂಭಾಗದಲ್ಲಿತ್ತು. ಚಾವಣಿ ಇಳಿಜಾರಾಗಿ ಬಂದು ಡಿಕ್ಕಿಗೆ ಸೇರುತ್ತಿತ್ತು. ಮರುವರ್ಷ ಅದು ಟಿಗೋರ್ ಆಗಿ ರಸ್ತೆಗಿಳಿದಾಗಲೂ ಆ ಗೆರೆ ಕೆಡಲಿಲ್ಲ. ನಾಲ್ಕು ಮೀಟರ್ ಉದ್ದದೊಳಗೆ ಸೆಡಾನ್ (ಹಿಂದೆ ಡಿಕ್ಕಿ ಚಾಚಿದ ಕಾರು) ಕೂರಿಸುವುದು ಸುಲಭವಲ್ಲ. ಮಾರುತಿಯ ಹಳೆಯ ಸ್ವಿಫ್ಟ್ ಡಿಸೈರ್‌ಗೆ ಡಿಕ್ಕಿಯನ್ನು ಸುಮ್ನೆ ಅಂಟಿಸಿದಂತಿತ್ತು, ಅಲ್ವಾ?

2024ರ ಡಿಸೈರ್ ಹಾಗಿಲ್ಲ. ಅಗಲ ಗ್ರಿಲ್, ಚೂಪಾದ ಎಲ್‌ಇಡಿ ದೀಪ, ದುಬಾರಿ ಮಾದರಿಯಲ್ಲಿ ಸನ್‌ರೂಫ್ ಬೇರೆ. ಎದುರಿನಿಂದ ನೋಡಿದರೆ ಟಿಗೋರ್‌ಗೆ ವಯಸ್ಸಾಗಿದೆ.

ಡಿಕ್ಕಿ ಜಾಸ್ತಿ ಬೇಕೇ? ಟಿಗೋರ್‌ನದು 419 ಲೀಟರ್, ಡಿಸೈರ್‌ನದು 382. ಸಿಎನ್‌ಜಿ ಟಿಗೋರ್‌ನಲ್ಲಿ ಎರಡು ಸಣ್ಣ ಗ್ಯಾಸ್ ಸಿಲಿಂಡರ್ ಡಿಕ್ಕಿಯ ನೆಲದಡಿ ಕೂರುವುದರಿಂದ ಬ್ಯಾಗಿಗೂ ಜಾಗ ಸಿಗುತ್ತದೆ. ಮುಖ ನೋಡಿ ಕೊಳ್ಳುವವರಿಗೆ ಡಿಸೈರ್. ಪಕ್ಕದ ನೋಟಕ್ಕೆ ನನ್ನ ಮತ ಇನ್ನೂ ಟಿಗೋರ್‌ಗೇ.