ಆಫ್ಟರ್ ಎಫೆಕ್ಟ್ಸ್ ರೆಂಡರ್: ರ್ಯಾಮ್ ಹೆಚ್ಚಿಸಬೇಕೋ, ಪ್ರಾಕ್ಸಿ ಮಾಡಬೇಕೋ?

ರಾಜ್ಯೋತ್ಸವದ ಕಾರ್ಯಕ್ರಮವೊಂದಕ್ಕೆ ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೊ ಗ್ರಾಫಿಕ್ಸ್ ತಂತ್ರಾಂಶದಲ್ಲಿ ನಾನು ಮಾಡಿಕೊಟ್ಟ 80 ಸೆಕೆಂಡಿನ ಟೈಟಲ್, ಸೆಕೆಂಡಿಗೆ 25ರಂತೆ ಒಟ್ಟು 2000 ಫ್ರೇಮ್, ಎಂಟು ಕೋರ್ ಹಾಗೂ 16 ಜಿಬಿ ರ್ಯಾಮ್ ಇರುವ ನನ್ನ ಕಂಪ್ಯೂಟರಿನಲ್ಲಿ ರೆಂಡರ್ ಆಗಲು (ಅಂತಿಮ ವಿಡಿಯೊ ಕಡತವಾಗಿ ಹೊರಬರಲು) 52 ನಿಮಿಷ ಹಿಡಿಯುತ್ತಿತ್ತು. ಯಾರದೋ ಹೆಸರಿನ ಒತ್ತಕ್ಷರ ಒಂದನ್ನು ತಿದ್ದಿದರೂ ಮತ್ತೆ ಅಷ್ಟೇ ಹೊತ್ತು ಕಾಯಬೇಕಿತ್ತು. ಆದ್ದರಿಂದ ಕೆಲಸ ಮುಗಿದ ಮೇಲೆ ಅದೇ ಪ್ರಾಜೆಕ್ಟನ್ನು ಇಟ್ಟುಕೊಂಡು, ಪ್ರತಿ ಸಲವೂ ಕ್ಯಾಶ್ (ತಂತ್ರಾಂಶವು ಮೊದಲೇ ಸಿದ್ಧಪಡಿಸಿ ಉಳಿಸಿಟ್ಟುಕೊಂಡ ಫ್ರೇಮುಗಳನ್ನು) ಖಾಲಿ ಮಾಡಿ, ಒಂದೊಂದೇ ವಿಧಾನವನ್ನು ಅಳೆದು ನೋಡಿದೆ.

ಮೊದಲು ನೋಡಿದ್ದು 2021ರ ಅಕ್ಟೋಬರಿನಲ್ಲಿ 22.0 ಆವೃತ್ತಿಯೊಂದಿಗೆ ಬಂದ ಮಲ್ಟಿ-ಫ್ರೇಮ್ ರೆಂಡರಿಂಗ್, ಅಂದರೆ ಹಲವು ಫ್ರೇಮುಗಳನ್ನು ಒಟ್ಟಿಗೆ ಸಿದ್ಧಪಡಿಸುವ ಸೌಲಭ್ಯ. 52 ನಿಮಿಷವೆಂಬುದು ಅದನ್ನು ಆಫ್ ಮಾಡಿದಾಗಿನ ಲೆಕ್ಕ. ಆನ್ ಮಾಡಿದಾಗ 44ಕ್ಕೆ ಇಳಿಯಿತು. ಎಂಟು ಕೋರ್‌ಗಳಿದ್ದೂ ಇಷ್ಟೇ ಲಾಭವಾದದ್ದಕ್ಕೆ ಮುಖ್ಯ ಕಾರಣ ಮೆಮೊರಿ: ಏಕಕಾಲಕ್ಕೆ ಸಿದ್ಧವಾಗುವ ಪ್ರತಿಯೊಂದು ಫ್ರೇಮಿಗೂ ಅದರದೇ ಜಾಗ ಬೇಕು, ಅದು ಸಾಲದಾದಾಗ ತಂತ್ರಾಂಶವು ಒಟ್ಟಿಗೆ ಮಾಡುವ ಫ್ರೇಮುಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ರ್ಯಾಮನ್ನು 32 ಜಿಬಿಗೆ ಏರಿಸಿದ ಮೇಲೆ ಅದೇ ಕೆಲಸ 31 ನಿಮಿಷದಲ್ಲಿ ಮುಗಿಯಿತು. ಸ್ನೇಹಿತರಿಂದ ಎರವಲು ತಂದ ದುಬಾರಿ ಗ್ರಾಫಿಕ್ಸ್ ಕಾರ್ಡಿನಿಂದ ಉಳಿದದ್ದು ಎರಡೇ ನಿಮಿಷ, ಹಾಗಾಗಿ ಅದನ್ನು ಇಂಥ ಕೆಲಸಕ್ಕೆಂದೇ ಕೊಳ್ಳಿರೆಂದು ನಾನು ಹೇಳಲಾರೆ.

ಆದರೆ ಹಣ ಖರ್ಚು ಮಾಡುವ ಮೊದಲೇ ನಾನು ಮಾಡಬೇಕಾಗಿದ್ದ ಕೆಲಸ ಬೇರೆಯಿತ್ತು. ಟೈಮ್‌ಲೈನಿನ ಕೆಳಗಡೆ ಎಡಗಡೆಯಿರುವ ಬಸವನಹುಳುವಿನ ಗುರುತನ್ನು ಒತ್ತಿದರೆ, ಈಗಿನ ಫ್ರೇಮಿನಲ್ಲಿ ಪ್ರತಿ ಲೇಯರ್ (ಚಿತ್ರದ ಪದರ) ಎಷ್ಟು ಸಮಯ ತಿನ್ನುತ್ತಿದೆ ಎಂಬುದು ಸಾಲಾಗಿ ಕಾಣುತ್ತದೆ. ನನ್ನ ಅಕ್ಷರಗಳ ಲೇಯರ್‌ಗಳು ಕೆಲವೇ ಮಿಲಿಸೆಕೆಂಡು ತೆಗೆದುಕೊಳ್ಳುತ್ತಿದ್ದರೆ, ಹಿನ್ನೆಲೆಯ ಕಾಂಪೊಸಿಷನ್ (ಹಲವು ಲೇಯರ್ ಸೇರಿಸಿ ಮಾಡಿದ ದೃಶ್ಯ) ಒಂದೇ 1.3 ಸೆಕೆಂಡ್ ನುಂಗುತ್ತಿತ್ತು. ಒಳಗೆ ಹೋಗಿ ನೋಡಿದಾಗ 6000 × 4000 ಪಿಕ್ಸೆಲ್‌ನ ಛಾಯಾಚಿತ್ರಗಳನ್ನು ಹಾಗೇ ಸುರಿದಿದ್ದುದು ತಿಳಿಯಿತು. 16 ಬಿಟ್ ಪ್ರಾಜೆಕ್ಟಿನಲ್ಲಿ ಅಂಥ ಒಂದೇ ಚಿತ್ರಕ್ಕೆ 192 ಎಂಬಿ ಮೆಮೊರಿ ಬೇಕು, ಅದರ ಮೇಲೆ ಕ್ಯಾಮೆರಾ ಲೆನ್ಸ್ ಬ್ಲರ್ ಮತ್ತು ಮೋಷನ್ ಬ್ಲರ್ ಎಂಬ ಮಸುಕುಗಳ ಲೆಕ್ಕ ಬೇರೆ. ಪರದೆಯಲ್ಲಿ 2200 ಪಿಕ್ಸೆಲ್‌ಗಿಂತ ಅಗಲವಾಗಿ ಎಲ್ಲಿಯೂ ಕಾಣದ ಆ ಚಿತ್ರಗಳನ್ನು ಅಷ್ಟಕ್ಕೇ ಕಿರಿದುಗೊಳಿಸಿ, ಹಳೆಯ 16 ಜಿಬಿಯಲ್ಲೇ ಓಡಿಸಿದಾಗ 36 ನಿಮಿಷ ಬಂತು. ಒಂದು ಪೈಸೆಯೂ ಖರ್ಚಿಲ್ಲದೆ, ಹೊಸ ರ್ಯಾಮ್ ಕೊಟ್ಟದ್ದಕ್ಕೆ ಬಹಳ ಹತ್ತಿರದ ಫಲಿತಾಂಶವಿದು.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಿದ್ದು ಪ್ರಾಕ್ಸಿ, ಅಂದರೆ ಮೂಲದ ಬದಲಿಗೆ ಬಳಸುವ, ಮೊದಲೇ ತೆಗೆದಿಟ್ಟ ಕಡತ. ಹಿನ್ನೆಲೆಯನ್ನು ಒಮ್ಮೆ ಪ್ರೊರೆಸ್ 422 ಎಚ್‌ಕ್ಯೂ ಎಂಬ ಬಗೆಯ ವಿಡಿಯೊ ಕಡತವಾಗಿ ತೆಗೆದು (ಪಾರದರ್ಶಕತೆ ಬೇಕಿದ್ದರೆ 4444 ಆಗಬೇಕು), ಅದನ್ನೇ ಆ ಕಾಂಪೊಸಿಷನ್‌ಗೆ ಪ್ರಾಕ್ಸಿಯಾಗಿ ಜೋಡಿಸಿದೆ. ಕಡತ ತೆಗೆಯಲು 27 ನಿಮಿಷ ಆಯಿತು. ಮೊದಲ ಪ್ರಯತ್ನದಲ್ಲಿ ಅಂತಿಮ ರೆಂಡರ್ ಮತ್ತೆ 36 ನಿಮಿಷವೇ ಹಿಡಿದಾಗ ನಿಜಕ್ಕೂ ನಿರಾಶೆಯಾಯಿತು. ಕಾರಣವಿಷ್ಟೇ: ರೆಂಡರ್ ಕ್ಯೂನಲ್ಲಿ (ರೆಂಡರಿಗೆ ಇಟ್ಟ ಕೆಲಸಗಳ ಪಟ್ಟಿಯಲ್ಲಿ) ತಾನಾಗಿ ಬರುವ 'ಬೆಸ್ಟ್ ಸೆಟ್ಟಿಂಗ್ಸ್' ಆಯ್ಕೆ ಪ್ರಾಕ್ಸಿಗಳನ್ನು ಬಳಸುವುದೇ ಇಲ್ಲ. ಪ್ರಾಕ್ಸಿ ಯೂಸ್ ಎಂಬಲ್ಲಿ 'ಯೂಸ್ ಕಾಂಪ್ ಪ್ರಾಕ್ಸೀಸ್ ಓನ್ಲಿ' ಎಂದು ನಾವೇ ಆರಿಸಬೇಕು. ಹಾಗೆ ಮಾಡಿದ ಮೇಲೆ ಇಡೀ ಟೈಟಲ್ 7 ನಿಮಿಷದಲ್ಲಿ ಹೊರಬಂತು.

ಹೀಗಾಗಿ ಹೆಸರು, ದಿನಾಂಕಗಳಷ್ಟೇ ಬದಲಾಗುವ ಕೆಲಸಕ್ಕೆ ನಾನು ಪ್ರಾಕ್ಸಿಯನ್ನೇ ಆರಿಸುತ್ತೇನೆ. ಹಿನ್ನೆಲೆಯೇ ಇನ್ನೂ ನಿಶ್ಚಯವಾಗಿಲ್ಲದಿದ್ದರೆ ಪ್ರತಿ ಸಲವೂ ಆ 27 ನಿಮಿಷ ತೆರಬೇಕಾಗುವುದರಿಂದ, ಅಲ್ಲಿ ರ್ಯಾಮ್ ಮೇಲು. ಪ್ರಾಕ್ಸಿಯಲ್ಲಿ ಇನ್ನೊಂದು ಅಪಾಯವೂ ಇದೆ: ಮೂಲವನ್ನು ತಿದ್ದಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಬಾವುಟದ ಅರಿಶಿನ ಮಂಕಾಗಿದೆಯೆಂದು ನಾನು ಬಣ್ಣ ಸರಿಪಡಿಸಿದ್ದರೂ ರೆಂಡರಿನಲ್ಲಿ ಹಳೆಯ ಬಣ್ಣವೇ ಬಂದಿತ್ತು. ಈಗ ಪ್ರತಿ ಪ್ರಾಕ್ಸಿ ಕಡತದ ಹೆಸರಿನಲ್ಲೂ ಅದನ್ನು ತೆಗೆದ ದಿನಾಂಕ ಮತ್ತು ಗಂಟೆಯನ್ನು ಬರೆದಿಡುತ್ತೇನೆ.