ಮಂಕಾದ ಇ ತಂತಿ: ಕುದಿಸಿ ನೋಡಿದೆ, ನೆನೆಸಿ ನೋಡಿದೆ, ಬಿಚ್ಚಿಯೂ ನೋಡಿದೆ

ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ಇನ್ನು ಆರೇ ದಿನ ಅನ್ನುವಾಗ ನನ್ನ ಬೇಸ್ ಗಿಟಾರ್‌ಗೆ ಹೊಸ ಸೆಟ್ ತಂತಿ ಹಾಕಿದೆ. ಎ, ಡಿ, ಜಿ ಮೂರೂ ಝಣ್ ಅಂದವು. ಎಲ್ಲಕ್ಕಿಂತ ದಪ್ಪ, ತಗ್ಗು ಸ್ವರದ ಇ ತಂತಿ ಮೀಟಿದರೆ ಬಾಳೆದಿಂಡಿಗೆ ಕೋಲಿನಿಂದ ಹೊಡೆದ ಹಾಗೆ ‘ದಪ್’. ಶ್ರುತಿ ಸರಿ ಇತ್ತು, ಜೀವ ಇರಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಣಿಸಿದೆ. ಎ ತಂತಿಯ ನಾದ 16 ಸೆಕೆಂಡು ನಿಂತಿತು. ಇ ತಂತಿಯದು 6 ಸೆಕೆಂಡಿಗೇ ಮುಗಿಯಿತು.

ಒಂದೇ ತಂತಿ ತಾನೇ ಅಂತ ಬಿಡುವ ಹಾಗಿಲ್ಲ. ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರಿನಿಂದ ಅದು ಹೊರಗೇ ಬರುವುದಿಲ್ಲ. ಕಿವಿ ಹಿಡಿಯುವುದು ಅದರ ಹಾರ್ಮೋನಿಕ್‌ಗಳನ್ನು, ಅಂದರೆ 82, 123 ಹರ್ಟ್ಸ್ ಹೀಗೆ ಮೇಲಕ್ಕೆ ಹೋಗುವ ಮರಿ ಸ್ವರಗಳನ್ನು. ಅವು ಸತ್ತರೆ, ಡ್ರಮ್ಮು ಕೀಬೋರ್ಡು ಶುರುವಾದ ಕೂಡಲೇ ಬೇಸ್ ಮಾಯ.

ಮದ್ದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಸಲಹೆ. ಕುದಿಸು ಅಂದರು, ಸ್ಪಿರಿಟ್‌ನಲ್ಲಿ ನೆನೆಸು ಅಂದರು, ಬಿಸಾಕಿ ಬೇರೆ ಹಾಕು ಅಂದರು. ಎಲ್ಲವನ್ನೂ ಮಾಡಿದೆ. ಹೊಸ ತಂತಿಯ ಜೊತೆಗೆ, ಹಿಂದಿನ ಎರಡು ಸೆಟ್‌ಗಳಿಂದ ಬಿಚ್ಚಿ ಮೊಳೆಗೆ ನೇತುಹಾಕಿದ್ದ ಎರಡು ಹಳೇ ಇ ತಂತಿಗಳೂ ಇದ್ದವು. ಎರಡೂ ಎಂಟೆಂಟು ತಿಂಗಳು ದುಡಿದವು. ಮಂಗಳೂರಿನ ಸೆಕೆ, ಬೆವರು, ಉಪ್ಪು ಗಾಳಿ ಗೊತ್ತಲ್ವಾ? ಇಲ್ಲಿ ತಂತಿಗೆ ಆಯಸ್ಸು ಕಮ್ಮಿ.

ಮೊದಲು ಕುದಿಸಿದ್ದು ಹೊಸ ತಂತಿಯನ್ನೇ. ಪಾತ್ರೆಗೆ ಹಿಡಿಸಲಿ ಅಂತ ಸುರುಳಿ ಸುತ್ತಿ ಹತ್ತು ನಿಮಿಷ ಕುದಿಸಿದೆ, ಒರೆಸಿದೆ, ಹೇರ್ ಡ್ರೈಯರ್ ಹಿಡಿದೆ, ಸುರುಳಿಯನ್ನು ಎಳೆದು ಬಿಚ್ಚಿ ವಾಪಸ್ ಹಾಕಿದೆ. ಫಲ ಸೊನ್ನೆ. ಅದೇ 6 ಸೆಕೆಂಡು. ಆಮೇಲೆ ತಲೆಗೆ ಹೊಳೆಯಿತು. ಕುದಿಸುವುದು ಯಾಕೆ? ಒಳಗಿನ ಉಕ್ಕಿನ ಎಳೆಯ ಮೇಲೆ ಸುತ್ತಿದ ಲೋಹದ ಸುತ್ತು ಸುತ್ತಿನ ನಡುವೆ ಕೂತ ಬೆವರು, ಎಣ್ಣೆ, ಚರ್ಮದ ಪುಡಿ ಬಿಡಿಸಲು. ಆ ಕೊಳೆ ತಂತಿಯ ಅಲುಗಾಟವನ್ನು ಹಿಡಿದುಬಿಡುತ್ತದೆ, ಮೇಲಿನ ಹಾರ್ಮೋನಿಕ್‌ಗಳು ಮೊದಲು ಸಾಯುತ್ತವೆ. ಕೊಳೆಯೇ ಇಲ್ಲದ ತಂತಿಯನ್ನು ಕುದಿಸಿದರೆ ಬರೀ ಗ್ಯಾಸ್ ಖರ್ಚು.

ಹಳೇ ತಂತಿಯೊಂದನ್ನು ಕುದಿಸಿದಾಗ ಕಥೆ ಬೇರೆ. ನೀರು ಬೂದು ಬಣ್ಣಕ್ಕೆ ತಿರುಗಿತು. 9 ಸೆಕೆಂಡು ಇದ್ದದ್ದು 13 ಆಯಿತು, ಮೊನಚೂ ಬಂತು. ಖುಷಿಯಾಯಿತು. ನಾಲ್ಕನೇ ದಿನಕ್ಕೆ ಮತ್ತೆ 10ಕ್ಕೆ ಇಳಿಯಿತು. ಸುತ್ತಿನ ಒಳಗೆ ಉಳಿದ ನೀರು ಪೂರ್ತಿ ಆರಿರಲಿಲ್ಲ ಅಂತ ಕಾಣುತ್ತದೆ, ಬಾಲ್ ಎಂಡ್ (ತಂತಿಯ ಬುಡದ ಲೋಹದ ಗುಂಡು) ಹತ್ತಿರ ತುಕ್ಕಿನ ಚುಕ್ಕೆಯೂ ಎದ್ದಿತು. ತುದಿಯ ರೇಷ್ಮೆ ನೂಲಂತೂ ನೆನೆದ ಅವಲಕ್ಕಿ ಥರ ಆಗಿತ್ತು.

ಇನ್ನೊಂದು ಹಳೇ ತಂತಿಗೆ ಸ್ಪಿರಿಟ್. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೀರಿನ ಅಂಶ ಇರುತ್ತದೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಹುಡುಕಿ ತಂದೆ. ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಭರಣಿಗೆ ಸುರಿದು, ತಂತಿ ಸುರುಳಿ ಇಳಿಸಿ, ಮುಚ್ಚಳ ಬಿಗಿದು ಒಂದು ರಾತ್ರಿ, ಒಂದು ಹಗಲು ಬಿಟ್ಟೆ. ಬೆಂಕಿ ಹತ್ತುವ ವಸ್ತು, ಅಡುಗೆಮನೆಯಲ್ಲಿ ಇಡಬೇಡಿ. ನಾನು ಇಟ್ಟಿದ್ದೆ, ಅಮ್ಮನಿಂದ ಬೈಸಿಕೊಂಡೆ. ತಳದಲ್ಲಿ ಕಪ್ಪು ಗಸಿ ಕೂತಿತ್ತು. ಬಟ್ಟೆಯಲ್ಲಿ ಎಳೆದರೆ ಅರ್ಧ ಗಂಟೆಯಲ್ಲಿ ಒಣ ಒಣ. ಇದೂ 9ರಿಂದ 13ಕ್ಕೆ ಬಂತು, ಆದರೆ ಮೂರು ವಾರ ಕಳೆದರೂ 12ರಲ್ಲಿ ನಿಂತಿತ್ತು. ಹಳೇ ತಂತಿಗೆ ಇವೆರಡರಲ್ಲಿ ಯಾವುದು ಅಂದರೆ ಕಣ್ಣು ಮುಚ್ಚಿ ಸ್ಪಿರಿಟ್ ಅನ್ನುತ್ತೇನೆ. ಒಂದು ಮಾತು: ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡಿದರೆ ತಂತಿ ಸುತ್ತುವ ಶ್ರುತಿ ಕಂಬದ ಬಳಿ ಬಾಗಿದ ಜಾಗ ಸೋಲುತ್ತದೆ. ಒಂದು ತಂತಿಗೆ ಎರಡು ಸಲ ಸಾಕು.

ಹೊಸ ತಂತಿಯ ರೋಗ ಮಾತ್ರ ಹಾಗೇ ಉಳಿಯಿತು. ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಭಾಗದ ಸ್ಕ್ರೂ ತಿರುಗಿಸಿ ಎತ್ತರ ಬದಲಿಸಿದೆ. ಸದ್ದು ಜಾಸ್ತಿ ಕಮ್ಮಿ ಆಯಿತು, ಗುಣ ಬದಲಾಗಲಿಲ್ಲ. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನ ಕಚ್ಚಿನ ಮೇಲೂ ಅನುಮಾನ ಬಂತು. ಆದರೆ ತಪ್ಪು ನಟ್‌ನದ್ದಾಗಿದ್ದರೆ ಖಾಲಿ ತಂತಿ ಮಾತ್ರ ಮಂಕಾಗಬೇಕು, ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದಾಗ ಚೆನ್ನಾಗಿರಬೇಕು. ನನ್ನದು ಒತ್ತಿದರೂ ದಪ್, ಬಿಟ್ಟರೂ ದಪ್. ಜೊತೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್ಕಿಗೂ ಅಲ್ಲೇ ಒತ್ತಿದ ಸ್ವರಕ್ಕೂ ತಾಳೆ ಇಲ್ಲ. ಇನ್ನೊಂದು ತುದಿಯಲ್ಲಿ ತಂತಿಯನ್ನು ಹೊರುವ ಸ್ಯಾಡಲ್ ಎಷ್ಟು ಸರಿಸಿದರೂ ಕೂಡಲಿಲ್ಲ. ಅಂದರೆ ತಪ್ಪು ತಂತಿಯ ಮೈಯಲ್ಲೇ.

ಕೊನೆಗೆ ಬೇಜಾರಿನಿಂದ ತಂತಿಯನ್ನು ಪೂರ್ತಿ ಸಡಿಲ ಮಾಡಿ ಕಂಬದ ತೂತಿನಿಂದ ತುದಿ ಹೊರಗೆ ತೆಗೆದೆ. ಬೆರಳ ನಡುವೆ ಇದ್ದ ತುದಿ ತಾನಾಗಿಯೇ ಗಿರ್ರನೆ ತಿರುಗಿತು. ಒಂದೂವರೆ ಸುತ್ತು! ಅಲ್ಲಿ ಸಿಕ್ಕಿಬಿತ್ತು ಕಳ್ಳ. ಪೊಟ್ಟಣದಿಂದ ಬಂದ ಸುರುಳಿಯನ್ನು ಉರುಳಿಸಿ ಬಿಚ್ಚದೆ ಎಳೆದು ಬಿಚ್ಚಿದ್ದೆ. ಹಾಗೆ ಎಳೆದರೆ ಪ್ರತಿ ಸುರುಳಿಗೂ ಒಂದು ತಿರುಚು ತಂತಿಯೊಳಗೆ ಉಳಿಯುತ್ತದೆ. ಒಂದು ಕಡೆ ಬಾಲ್ ಎಂಡ್, ಇನ್ನೊಂದು ಕಡೆ ಕಂಬ. ಎರಡೂ ಬಿಗಿಯಾದ ಮೇಲೆ ತಿರುಚು ಹೋಗುವುದೆಲ್ಲಿಗೆ? ಒಳಗಿನ ಉಕ್ಕಿನ ಎಳೆ ಒಂದು ಕಡೆ ಎಳೆಯುತ್ತದೆ, ಮೇಲಿನ ಸುತ್ತು ಇನ್ನೊಂದು ಕಡೆ. ಕುದಿಸಿದ ಮೇಲೂ ನಾನು ಮಾಡಿದ್ದು ಅದೇ ತಪ್ಪು.

ತಂತಿಯನ್ನು ಕಿಟಕಿಯ ಸರಳಿನಿಂದ ನೇರ ಇಳಿಬಿಟ್ಟೆ. ತಿರುಗುವಷ್ಟು ತಿರುಗಿ ನಿಂತಿತು. ಹಾಗೇ ತಂದು, ತುದಿಯನ್ನು ತೂತಿಗೆ ಇಳಿಸಿ, ಬಾಗಿಸಿ, ಕಂಬದ ಮೇಲೆ ಕೆಳಮುಖವಾಗಿ ಮೂರು ಸುತ್ತು ಸುತ್ತಿದೆ. ಮೀಟಿದೆ: 13 ಸೆಕೆಂಡು. ಆಮೇಲೆ ಸ್ಯಾಡಲ್‌ನ ಮುಂದೆ ಹೆಬ್ಬೆರಳಿಂದ ಒತ್ತಿದೆ, ನಟ್‌ನ ಮುಂದೆಯೂ ಹಾಗೇ. ಶ್ರುತಿ ಸ್ವಲ್ಪ ಇಳಿಯಿತು, ಸರಿ ಮಾಡಿಕೊಂಡೆ. ಈಗ 15.

ಆ ಒತ್ತುವ ಕೆಲಸ ಸಣ್ಣದಲ್ಲ. ದಪ್ಪ ತಂತಿ ಸ್ಯಾಡಲ್ ದಾಟುವಾಗ ಮೂಲೆಯಲ್ಲಿ ಮುರಿದಂತೆ ಬಾಗುವುದಿಲ್ಲ, ಬಿಲ್ಲಿನ ಹಾಗೆ ಮೆಲ್ಲಗೆ ಬಾಗುತ್ತದೆ. ಹಾಗಾಗಿ ಅಲುಗಾಟ ಎಲ್ಲಿಂದ ಶುರು ಅನ್ನುವುದೇ ಗೊಂದಲ. ನಮ್ಮ ತಂಬೂರಿಯಲ್ಲಿ ಬೇಕಿರುವುದು ಬೇಸ್‌ಗೆ ಬೇಕಾದದ್ದರ ತದ್ವಿರುದ್ಧ. ಅಲ್ಲಿ ಕುದುರೆಯ ಮೈಯೇ ಉಬ್ಬು, ಮೇಲೆ ತಂತಿಯಡಿ ಜೀವಾಳದ ನೂಲು ಬೇರೆ. ತಂತಿ ಕುದುರೆಯನ್ನು ಸವರಿದರೇ ಅದಕ್ಕೆ ಝೇಂಕಾರ. ಬೇಸ್‌ಗೆ ಚೂಪಾದ ಮೂಲೆಯೇ ಬೇಕು. ಒತ್ತುವಾಗ ಮೆತ್ತಗೆ ಒತ್ತಿ, ಬಲಪ್ರಯೋಗ ಬೇಡ.

ಅಷ್ಟರಲ್ಲಿ ನಾನು ಆರ್ಡರ್ ಮಾಡಿದ್ದ ಬಿಡಿ ಇ ತಂತಿಯೂ ಬಂತು. ಸೆಟ್‌ನ ಮೂರನೇ ಒಂದು ಪಾಲು ಬೆಲೆ, ಐದು ದಿನ ಕಾಯಿಸಿತು. ತಿರುಚು ಇಲ್ಲದೆ ಹಾಕಿದೆ, 16 ಸೆಕೆಂಡು. ಬಿಚ್ಚಿ ಸರಿ ಮಾಡಿದ್ದಕ್ಕೂ ಇದಕ್ಕೂ ಒಂದೇ ಸೆಕೆಂಡು ವ್ಯತ್ಯಾಸ. ಅದಕ್ಕೇ ತೆಗೆದು ಪೊಟ್ಟಣಕ್ಕೆ ಸೇರಿಸಿದೆ. ದುಡ್ಡು ಕೊಟ್ಟ ಮದ್ದು ಗೆದ್ದರೂ, ಪುಕ್ಕಟೆ ಮದ್ದಿನ ಮುಂದೆ ಮರ್ಯಾದೆ ಉಳಿಯಲಿಲ್ಲ.

ಹೊಸದೇ ಹಾಕುವುದು ತಪ್ಪದ ಸಂದರ್ಭವೂ ಇದೆ. ಒಳಗಿನ ಎಳೆ ಗುಂಡಗಿರುವ ತಂತಿಯನ್ನು ಕಂಬದ ಬಳಿ ಬಾಗಿಸುವ ಮೊದಲೇ ಕತ್ತರಿಸಿದರೆ ಮೇಲಿನ ಸುತ್ತು ಜಾರಿ ಸಡಿಲವಾಗುತ್ತದೆ. ಅದಕ್ಕೆ ಸ್ಪಿರಿಟ್ಟೂ ಇಲ್ಲ, ಕಿಟಕಿಯೂ ಇಲ್ಲ. ಬಾಗಿಸಿ ಆಮೇಲೆ ಕತ್ತರಿಸಿ.

ತಂತಿಯ ತಪ್ಪೇ ಅಲ್ಲದ ಮಂಕೂ ಉಂಟು. 34 ಇಂಚಿನ ಸ್ಕೇಲ್‌ನ (ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದ) ಎಷ್ಟೋ ಬೇಸ್‌ಗಳಲ್ಲಿ ಜಿ ತಂತಿಯ 5ನೇ ಫ್ರೆಟ್ ಸುತ್ತಮುತ್ತ ಸ್ವರ ಬೇಗ ಸಾಯುತ್ತದೆ. ಅದು ಕತ್ತಿನ ಮರದ ಕಂಪನ ಸ್ವರವನ್ನು ನುಂಗುವುದರಿಂದ. ಬಡಗಿಯ ಸಣ್ಣ ಕ್ಲ್ಯಾಂಪ್ ಒಂದನ್ನು ಬಟ್ಟೆ ಸುತ್ತಿ ಕತ್ತಿನ ತುದಿಯ ಹೆಡ್‌ಸ್ಟಾಕ್‌ಗೆ ಕಚ್ಚಿಸಿದೆ. ಸತ್ತ ಜಾಗ ಪಕ್ಕದ ಫ್ರೆಟ್‌ಗೆ ಸರಿಯಿತು, ಸಾಯಲಂತೂ ಇಲ್ಲ.

ಇನ್ನು ರುಚಿಯ ಪ್ರಶ್ನೆ. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನಯವಾದ ಫ್ಲ್ಯಾಟ್‌ವೌಂಡ್ ತಂತಿಗಳನ್ನು ಹರಿಯುವ ತನಕ ಬದಲಿಸುತ್ತಿರಲಿಲ್ಲವಂತೆ. ಇತ್ತ ಇಂಗ್ಲೆಂಡಿನಲ್ಲಿ 1966ರಲ್ಲಿ ದಿ ಹೂ ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಪಿಯಾನೋದಂಥ ಹೊಳಪು ಬೇಕೆಂದು ತಂತಿ ಕಂಪನಿ ರೋಟೊಸೌಂಡ್ ಜೊತೆ ಕೂತು ಗುಂಡು ಎಳೆ ಸುತ್ತಿದ ರೌಂಡ್‌ವೌಂಡ್ ತಂತಿ ಮಾಡಿಸಿಕೊಂಡರು. ಹಳೇ ಸಿನಿಮಾ ಹಾಡುಗಳಿಗೆ ನನಗೆ ಮಂಕೇ ಇಷ್ಟ. ಆದರೆ ನಾಲ್ಕೂ ತಂತಿ ಒಟ್ಟಿಗೆ ಮಂಕಾಗಿರಬೇಕು. ಮೂರು ಮಾತಾಡಿ ಒಂದು ಸುಮ್ನೆ ಕೂತರೆ ಆಗುವುದಿಲ್ಲ.

ಸ್ಪಿರಿಟ್ ಕುಡಿದ ತಂತಿ ಈಗ ನನ್ನ ಅಭ್ಯಾಸದ ಬೇಸ್‌ನಲ್ಲಿದೆ. ಕುದಿಸಿದ್ದು ಬಿಸಾಕಿದೆ. ಉಪ್ಪಿನಕಾಯಿ ಭರಣಿಯನ್ನು ಎಷ್ಟು ತೊಳೆದು ಕೊಟ್ಟರೂ ಅಮ್ಮ ವಾಪಸ್ ತಗೊಳ್ಳಲಿಲ್ಲ.